ಓದಿಕೊಳ್ಳತಕ್ಕದ್ದು

ಪುಟ ನಲವತ್ತೊಂದು, ಪಟ್ಟಿ ಒಂಬತ್ತು, ಆರನೇ ಸಾಲು:
'೦' ಎಂದಿರುವಲ್ಲಿ '೩' ಎಂದು ಓದಿಕೊಳ್ಳತಕ್ಕದ್ದು.

ಇಷ್ಟೇ.
ಬೆರಳಗಲದ ಚೀಟಿ, ಆರುನೂರು ಪ್ರತಿ,
ವಿದ್ಯಾನಗರದ ಕಚೇರಿಯ ಲೆಕ್ಕದಲ್ಲಿ ಒಂದು ಡಬ್ಬಿ ಗೋಂದು.
ವರದಿಗೆ ಮುನ್ನೂರು ಪುಟ, ಶುಭ ಸಂದೇಶ, ಬಣ್ಣದ ನಕ್ಷೆ;
ತಪ್ಪಿಗೆ ಸಿಕ್ಕಿದ್ದು ಒಂದು ಗೆರೆಯ ಜಾಗ.
ವಿಷಾದ ಎಂಬ ಶಬ್ದ ಸೇರಿಸಿದ್ದೆ ಕರಡಿಗೆ.
ಮೇಲಿನವರು ಹೊಡೆದು ಹಾಕಿ
ಬದಿಯಲ್ಲಿ ಬರೆದರು: ನಮೂನೆಯಲ್ಲಿ ಇಲ್ಲ.

ಮಲಯಾಳದ ಮೂಲದಲ್ಲಿ ಅಲ್ಲೊಂದು ಅಡ್ಡಗೆರೆ ಇತ್ತು.
ಮಾಹಿತಿ ಬಂದಿಲ್ಲ ಎಂದು ಅದರ ಅರ್ಥ.
ಆ ವಾರ ಜೀಪು ತೋಡು ದಾಟಿರಲಿಲ್ಲ,
ತಂಗಮಣಿ ಸಿಸ್ಟರಿಗೆ ಹೆರಿಗೆ ರಜೆ,
ಅವರ ರಿಜಿಸ್ಟರು ಕಪಾಟಿನಲ್ಲಿ,
ಕಪಾಟಿನ ಕೀಲಿ ಕಾಞಂಗಾಡಿನಲ್ಲಿ.

ಕನ್ನಡ ಪ್ರತಿಯ ಕರಡು ತಿದ್ದಿದವಳು ನಾನು.
ಉದ್ದಕ್ಕೂ ಅಂಕೆ, ನಡುವೆ ಒಂದೇ ಒಂದು ಗೆರೆ,
ಹಲ್ಲು ಬಿದ್ದ ಬಾಯಿಯ ಹಾಗೆ.
ಗಂಟೆ ಐದೂಕಾಲು. ಕುಂಬಳೆಯ ಬಸ್ಸು ಐದೂವರೆಗೆ.
ಕೆಂಪು ಪೆನ್ನು ತೆಗೆದು ದುಂಡಗೆ ಸುತ್ತಿದೆ.
ಚಂದ ಕಂಡಿತು.

ಸೊನ್ನೆ ನೋಡಿ ಎಲ್ಲರಿಗೂ ನೆಮ್ಮದಿಯಾಯಿತು.
ಆರನೇ ವಾರ್ಡಿನ ಬಾವಿಗಳಿಗೆ ಪುಡಿ ಬೇಡವಾಯಿತು,
ಕಾಮಾಲೆಯ ಶಿಬಿರ ಗುಡ್ಡದಾಚೆಗೆ ಹೋಯಿತು,
ಮಾದರಿ ವಾರ್ಡು ಎಂದು ಯಾರೋ ಭಾಷಣದಲ್ಲಿ ಅಂದರು.
ಮೂವರು ಅಷ್ಟರಲ್ಲೇ ಹೋಗಿದ್ದರು.
ನಾಲ್ಕನೆಯದು ಆಮೇಲೆ.
ಅದು ಮುಂದಿನ ವರದಿಗೆ ಸೇರುತ್ತದೆ.

ಒಂದನೇ ಕ್ಲಾಸಿನಲ್ಲಿ ಕಲಿತ ಸೊನ್ನೆ ಬೇರೆಯೇ.
ಅಕ್ಷರದ ಪಕ್ಕ ಕೂತು ಮೂಗಿನಲ್ಲಿ ಗುನುಗುವ ಅದು
ಖಾಲಿ ಆಗಿರಲಿಲ್ಲ.
ಸ್ಲೇಟಿನಲ್ಲಿ 'ಕಂದ' ಎಂದು ಬರೆದು
ನಡುವಿನದನ್ನು ಎಂಜಲು ಬೆರಳಲ್ಲಿ ಒರೆಸಿದರೆ
'ಕದ' ಉಳಿಯುತ್ತಿತ್ತು.
ಅದೇ ದುಂಡು. ಅದೇ ಕೈ.

ಬದಿಯಡ್ಕ, ಮುಳ್ಳೇರಿಯ, ಪೆರ್ಲ.
ಚೀಲದಲ್ಲಿ ಚೀಟಿ, ಬೆರಳಲ್ಲಿ ಒಣಗಿದ ಗೋಂದಿನ ಪೊರೆ.
ಒಂದು ಪಂಚಾಯತಿನಲ್ಲಿ ವರದಿ ಮೇಜಿನ ಕಾಲಿನ ಕೆಳಗಿತ್ತು;
ಎತ್ತಿ, ಅಂಟಿಸಿ, ಮತ್ತೆ ಅಲ್ಲೇ ಇಟ್ಟೆ, ಮೇಜು ಅಲ್ಲಾಡಬಾರದಲ್ಲ.
ಪೈವಳಿಕೆಯ ವಾಚನಾಲಯದಲ್ಲಿ ನನಗಿಂತ ಮೊದಲೇ ಯಾರೋ
ಚೀಟಿಯನ್ನು ನೂರ ನಲವತ್ತೊಂದರಲ್ಲಿ ಅಂಟಿಸಿಯಾಗಿತ್ತು.
ಅಲ್ಲಿರುವುದು ನಾಯಿ ಕಡಿತದ ಲೆಕ್ಕ.
ಯಾರನ್ನೂ ಕಚ್ಚದ ಒಂದು ಊರಿನ ನಾಯಿಗಳು
ನಮ್ಮ ದೆಸೆಯಿಂದ ಮೂವರನ್ನು ಕಚ್ಚಿದ್ದವು.
ತಿದ್ದುಪಡಿಗೆ ತಿದ್ದುಪಡಿ ಉಂಟಾ, ಎಂದು ಕೇಳಿದೆ ಫೋನಿನಲ್ಲಿ.
ಮೇಲಿನವರು ನಕ್ಕರು. ನಾನೂ ನಕ್ಕೆ.
ಬಸ್ಸಿನಲ್ಲಿ ಮಾತ್ರ ನಗು ನಿಂತಿತು.

ವಾರ್ಡಿನವರಿಗೆ ಚೀಟಿ ಕೊಡಬೇಕೆಂದು ಎಲ್ಲಿಯೂ ಹೇಳಿಲ್ಲ.
ಆದರೂ ತೋಡಿನ ಸಂಕ ದಾಟಿ ಹೋದೆ.
ನೆಬಿಸುಮ್ಮ ಬೀಡಿ ಎಲೆ ಕತ್ತರಿಸುತ್ತಿದ್ದರು,
ಮಡಿಲಲ್ಲಿ ಮೊರ.
ಓದಿ ಹೇಳಿದೆ. ಇನ್ನೊಮ್ಮೆ ಓದಿ ಹೇಳಿದೆ.
ಕತ್ತರಿ ಎಲೆಯ ನಡುವೆ ನಿಂತಿತು.

"ಈ ಮೂರರಲ್ಲಿ ನನ್ನ ಸಮದು ಎಷ್ಟನೆಯವ?"

ಹದಿನೆಂಟು ವರ್ಷ ಅಂಕೆಗಳ ಜೊತೆ ಬದುಕಿದ್ದೇನೆ.
ಮೂರು ಎಂಬುದರ ಒಳಗೆ
ಮೊದಲು, ನಡು, ಕೊನೆ ಇಲ್ಲ;
ಅದು ಮೂರೂ ಹೆಸರು ನುಂಗಿ ಬಾಯಿ ಒರೆಸಿಕೊಂಡ ಒಂದು ಬರೆಹ.
ಎರಡನೆಯವ, ಅಂದೆ.
ನಡುವಿನವ.

"ಹಾಗಾದರೆ ಸಾಕು," ಅಂದರು.
"ಎರಡು ಬದಿಗೆ ಜನ ಉಂಟಲ್ಲ.
ಒಬ್ಬನೇ ಮಲಗಲು ಅವನಿಗೆ ಹೆದರಿಕೆ."

ಒಳಗೆ ಹೋಗಿ ನೀರು ತಂದರು.
ನಾನು ಲೋಟ ಹಿಡಿದು ತಡೆದದ್ದು ಕಂಡಿರಬೇಕು.
ಕುದಿಸಿದ್ದೇ, ಅಂದರು, ಬೇರೆ ಕಡೆ ನೋಡಿ.

ಚೀಟಿಯೊಂದು ಕೇಳಿದರು. ಕೊಟ್ಟೆ.
ಬೀಡಿಯ ಪಾಸ್‌ಬುಕ್ಕಿನೊಳಗೆ, ಫೋಟೋದ ಎದುರು,
ತಲೆಕೆಳಗಾಗಿ ಇಟ್ಟರು.

ತಿದ್ದಲಿಲ್ಲ ನಾನು.