ಮೂರನೇ ತಂತಿ

ಫ್ರೀಮನ್ ಬೀದಿಯ ನನ್ನ ಅಂಗಡಿಯಲ್ಲಿ
ಬೀಗದ ಕೈ ಕೊರೆಯುತ್ತೇನೆ, ಬೂಟಿಗೆ ಅಟ್ಟೆ ಹೊಡೆಯುತ್ತೇನೆ,
ಉಳಿದ ಹೊತ್ತು ಗಿಟಾರುಗಳ ಕಿವಿ ಹಿಂಡುತ್ತೇನೆ.
ಗ್ರಿಮ್ಸ್‌ಬಿಯಲ್ಲಿ ಒಂದೇ ಕಸುಬು ನಂಬಿದವರು
ಮೀನಿನ ಜೊತೆಗೇ ಹೋದರು.

ನಿನ್ನೆ ಕಿಂಗಾ ಬಂದಿದ್ದಳು. ಹದಿನಾರು.
ಅಮ್ಮನಿಗೆ ಮೀನು ಸೀಳುವ ಕಾರ್ಖಾನೆಯಲ್ಲಿ ರಾತ್ರಿಪಾಳಿ,
ಅಪ್ಪ ಪೋಲೆಂಡಿನಲ್ಲಿ, ಫೋನಿನಲ್ಲಿ.
ಹೊಸ ತಂತಿ ಕಟ್ಟಿ ಶ್ರುತಿ ಕೂಡಿಸಿ ಕೊಟ್ಟೆ.
ನುಡಿಸಿ ನೋಡಿದಳು, ಮುಖ ಸಿಂಡರಿಸಿದಳು,
ಮೂರನೆಯದರ ಬಿರಡೆಯನ್ನು ತಾನೇ
ಒಂದೆಳೆಯಷ್ಟು ಸಡಿಲಿಸಿದಳು.
‘ಯಾಕಮ್ಮ?’ ಅಂದೆ.
‘ಅದು ಇರೋದೇ ಹಾಗೆ’ ಅಂದಳು,
ಉಪ್ಪು ಯಾಕೆ ಉಪ್ಪಗೆ ಎಂದು ಕೇಳಿದವನನ್ನು
ನೋಡುವ ಹಾಗೆ ನೋಡಿ.

ಅದು ಇದ್ದದ್ದು ಹಾಗಲ್ಲ.

ತೊಂಬತ್ತೊಂದರ ಫೆಬ್ರವರಿ. ಲೋರ್ನಾ ಡ್ಯಾನಟ್,
‘ಬಾರೋಡ್ ವ್ಯಾನ್’ ತಂಡದವಳು.
ಹೆಸರಿಗೆ ತಕ್ಕ ಹಾಗೆ ಎಲ್ಲವೂ ಎರವಲು:
ವ್ಯಾನು ಸೋದರಮಾವನದು, ಒಳಗೆಲ್ಲ ಬ್ರೆಡ್ಡಿನ ವಾಸನೆ,
ಡ್ರಮ್ಮು ಚರ್ಚಿನದು,
ಕೀತ್ ಮಾಲ್ಟ್‌ಬಿಯ ಕೋಟು ತೀರಿಹೋದ ಅಣ್ಣನದು.
ಗಿಟಾರೊಂದೇ ಸ್ವಂತದ್ದು, ಅದರ ಬಿರಡೆ ಸವೆದಿತ್ತು.
ಹೊಸದಕ್ಕೆ ಒಂಬತ್ತು ಪೌಂಡು. ಅವಳ ಜೇಬಿನಲ್ಲಿ ಮೂರು.
ಕಡ ಕೊಡಬಹುದಿತ್ತು. ಕೊಡಲಿಲ್ಲ.
ಬೆಂಕಿಕಡ್ಡಿಯ ಚೂರು, ಬಸ್ ಟಿಕೀಟಿನ ಸುರುಳಿ
ತೂತಿಗೆ ತುರುಕಿ
‘ಶನಿವಾರದವರೆಗೆ ತಡೆಯುತ್ತೆ’ ಅಂದೆ.

ತಡೆಯಲಿಲ್ಲ.
ಆ ಶನಿವಾರ, ಮಂಜುಗಡ್ಡೆ ಗೋದಾಮಿನ ಹಿಂದಿನ ಹಾಲಿನಲ್ಲಿ
ಎರಡನೇ ಹಾಡಿಗೇ ತಂತಿ ಜಾರಿತು.
ನಿಲ್ಲಿಸಿ ಸರಿಮಾಡುವವಳಲ್ಲ ಲೋರ್ನಾ,
ದನಿಯನ್ನೇ ಇಳಿಸಿದಳು,
ಕೈತಪ್ಪಿ ಇಳಿಜಾರು ಹಿಡಿದ ತಳ್ಳುಗಾಡಿಯ ಹಿಂದೆ
ಓಡುವವರ ಹಾಗೆ ಅದರ ಹಿಂದೆ ಹೋದಳು.
ಕೀತ್ ಅವಳಿಗಾಗಿ ಕಾದು, ಅರೆಮಾತ್ರೆ ತಡವಾಗಿ
ಪೆಟ್ಟು ಹಾಕಿದ.
ಇದ್ದವರು ಮೂವತ್ತೊಂದು ಜನ.
ಹಿಂದೆ ನಿಂತು ಎಣಿಸಿದ್ದೆ,
ನನ್ನ ತಪ್ಪಿಗೆ ಸಾಕ್ಷಿಗಳೆಷ್ಟು ಎಂದು.

ಇನ್ನೂರು ಕ್ಯಾಸೆಟ್ಟು, ಒಂದು ರೆಕಾರ್ಡು, ಎರಡು ಚಳಿಗಾಲ.
ಆಮೇಲೆ ಲೀಡ್ಸಿನ ದಾರಿಯ ಪೆಟ್ರೋಲ್ ಬಂಕಿನಲ್ಲಿ
ಹನ್ನೊಂದು ಪೌಂಡಿನ ಲೆಕ್ಕಕ್ಕೆ ಜಗಳ.
ಎರವಲು ತಂದದ್ದನ್ನೆಲ್ಲ ಹಿಂತಿರುಗಿಸಿದರು,
ಒಬ್ಬರನ್ನೊಬ್ಬರು ಕೂಡ.

ಆದರೆ ಆ ಮೂವತ್ತೊಂದರಲ್ಲಿ ಯಾರೋ ಮನೆಗೆ ಹೋಗಿ
ತಮ್ಮ ಗಿಟಾರಿನ ಮೂರನೇ ತಂತಿ ಇಳಿಸಿದರು.
ಅವರನ್ನು ಕೇಳಿ ನದಿಯಾಚೆ ಹಲ್ ಊರಿನವರು,
ಅವರಿಂದ ಇನ್ಯಾರೋ, ಅವರ ತಮ್ಮ, ತಮ್ಮನ ಗೆಳತಿ.
ಈಗ ಶುಕ್ರವಾರ ರಾತ್ರಿ ಯಾವ ಪಬ್ಬಿನ ಮುಂದೆ ಹಾದರೂ
ನನ್ನ ಬೆಂಕಿಕಡ್ಡಿ ಜಾರುವುದು ಕೇಳುತ್ತದೆ.
ಲಿಸ್ಬನ್ನಿನಲ್ಲೂ ಒಂದು ತಂಡ ಹೀಗೇ ನುಡಿಸುತ್ತದಂತೆ,
ಕಿಂಗಾ ಹೇಳಿದಳು.
‘ಬಾರೋಡ್ ವ್ಯಾನ್’? ಹೆಸರೇ ಕೇಳಿಲ್ಲ ಅವಳು.

ಅಷ್ಟರಲ್ಲಿ ಬಾಗಿಲ ಗಂಟೆ ಆಡಿತು.
ಲೋರ್ನಾ. ಈಗ ಒಂಬತ್ತನೇ ನಂಬರಿನ ಬಸ್ಸು ಓಡಿಸುತ್ತಾಳೆ.
ಬೀಗದ ಕೈ ಇನ್ನೊಂದು ಬೇಕಿತ್ತು, ಬೇಗ.
ಕೊರೆಯುವ ಯಂತ್ರದ ಕಿರುಚಾಟ ನಿಂತಾಗ
ಇಡೀ ಅಂಗಡಿಯಲ್ಲಿ ಆ ಇಳಿದ ಸ್ವರವೊಂದೇ.
ಅವಳು ತಲೆ ಓರೆಮಾಡಿ ಕೇಳಿದಳು.
ನನ್ನ ಕೈ ಹಿತ್ತಾಳೆಯ ಪುಡಿಯಲ್ಲಿ ಹಾಗೇ ನಿಂತಿತು.
‘ಮೂರನೆಯದು ಇಳಿದಿದೆ, ಮಗೂ’ ಅಂದಳು,
ಛತ್ರಿ ಬಿಟ್ಟು ಇಳಿದವರನ್ನು
ಬಸ್ಸಿನಿಂದ ಕೂಗಿ ಕರೆಯುವ ದನಿಯಲ್ಲಿ.
‘ಗೊತ್ತು’ ಅಂದಳು ಕಿಂಗಾ, ತಲೆಯೆತ್ತದೆ.

ಕೀಲಿಗೆ ಆರು ಪೌಂಡು.
ಬೇಡ ಅಂದೆ. ಎಣಿಸಿಯೇ ಇಟ್ಟಳು.
ಕೀಲಿಯನ್ನು ಬೆಳಕಿಗೆ ಹಿಡಿದು, ಹಲ್ಲಿನ ಮೇಲೆ ಬೆರಳಾಡಿಸಿ
‘ಶನಿವಾರದವರೆಗೆ ತಡೆಯುತ್ತಾ?’ ಅಂದಳು.
ನಗುತ್ತಿದ್ದಳೋ ಏನೋ, ಕಾಣಲಿಲ್ಲ,
ಆಗಲೇ ಬೆನ್ನು ತಿರುಗಿಸಿದ್ದಳು;
ಬಸ್ಸಿನಲ್ಲಿ ಜನ ಕಾಯುತ್ತಿದ್ದರು.