ಬದುಕೀನಿ ಅಂತ ಬರಿ

ಆಳಂದ ತಹಸೀಲಿನೆದುರು, ಬೇವಿನ ಬುಡಕ್ಕೆ
ಹದಿನೇಳು ವರ್ಷದ ನನ್ನ ಮೇಜು.
ಊರ ಜಗಳಗಳೆಲ್ಲ ನನ್ನ ಕೈಬರಹದಲ್ಲೇ
ಒಳಗೆ ಹೋಗುತ್ತವೆ.
ಒಮ್ಮೆಯೂ ಕೈ ನಡುಗಿಲ್ಲ.

ನಡುಗುವುದು ರಾತ್ರಿ.
ಹಳೇ ಡೈರಿ ತೆರೆದು ನನ್ನದೊಂದು ಸಾಲು ಬರೆದೆನೋ,
ಯಾರೋ ಹೆಗಲ ಮೇಲಿಂದ ಬಗ್ಗಿ ಓದಿದಂತೆ:
ಇದೂ ಒಂದು ಕವಿತೆಯೇನೋ?
ಕೂಡಲೇ ಸಾಲಿಗೊಂದು 'ಬಹುಶಃ' ಹಚ್ಚುತ್ತೇನೆ,
ಕೊನೆಗೊಂದು 'ಇರಬಹುದು',
ನೆಗಡಿಯ ಕೂಸಿಗೆ ಕುಲಾಯಿ ಕಟ್ಟಿದ ಹಾಗೆ.

ಸೋಮವಾರ ಬಂದಳು ಲಾಡ್ಲೆಬಿ.
ಮೂರು ತಿಂಗಳಿಂದ ಪಗಾರ ಇಲ್ಲ,
ಕಂಪ್ಯೂಟರಿನಲ್ಲಿ ಅವಳು ಸತ್ತಿದ್ದಾಳೆ.
ಬರೆದು ಓದಿದೆ, ರೂಢಿಯಂತೆ:
'ಸದರಿ ಅರ್ಜಿದಾರಳು ಜೀವಂತ ಇರುವುದಾಗಿ
ತಿಳಿದುಬರುತ್ತದೆ…'

"ತಿಳಿಯೋದೇನದೋ ಇದರಾಗ?
ಕುಂತೀನಲ್ಲ ನಿನ್ನ ಮುಂದ!
ಬದುಕೀನಿ ಅಂತ ಬರಿ. ಅಷ್ಟ ಬರಿ."

ಬರೆದೆ. ಎಡ ಹೆಬ್ಬೆಟ್ಟು ಒತ್ತಿದಳು
ಒಂದಕ್ಷರ ಓದಲು ಬಾರದವಳು,
ಮೈಯ ತೂಕವನ್ನೆಲ್ಲ ಅದರ ಮೇಲೆ ಬಿಟ್ಟು.
ಮೇಜು ಕಿರ್ರೆಂದಿತು.
ಮಿಕ್ಕ ಮಸಿಯನ್ನು ಬೇವಿನ ತೊಗಟೆಗೆ ಒರೆಸಿ
ಬಸ್ಸಿಗೆ ಹೋದಳು.
ಹತ್ತು ರೂಪಾಯಿ ಬಾಕಿ.

ಆ ರಾತ್ರಿ ಡೈರಿಯ ತುಂಬ
'ಬಹುಶಃ'ಗಳನ್ನು ಹೊಡೆದುಹಾಕುತ್ತ ಹೋದೆ.
ಕೆಲವು ಸಾಲು ಅದರ ಜೊತೆಗೇ ಬಿದ್ದುಹೋದವು;
ಬರೀ ಕುಲಾಯಿ, ಒಳಗೆ ಕೂಸೇ ಇರಲಿಲ್ಲ.
ಮೂರು ಉಳಿದವು,
ಬೋಳು ತಲೆಯಲ್ಲಿ, ಕಿವಿ ಕೆಂಪಗಾಗಿ.

ಹೆಗಲ ಮೇಲಿಂದ ಓದುವವನು ಇನ್ನೂ ಹೋಗಿಲ್ಲ.
ಕೇಳಿದ: ಇದೂ ಒಂದು ಕವಿತೆಯೇನೋ?
ನಿಲ್ಲುವುದಾದರೆ ನಿಲ್ಲು, ಎಂದೆ,
ಬೆಳಕಿಗೆ ಅಡ್ಡ ಬರಬೇಡ.