ಇಲ್ಲದ ಗಲ್ಲಿ

ನಾಳೆ ಗೂಡಿನ ಮಾರುಕಟ್ಟೆಯ ಗಂಟೆ ಹೊಡೆಯುವ ಮೊದಲು
ಬಿಡಬೇಕು ನಮ್ಮ ನಕ್ಷೆ.
ಶಿಡ್ಲಘಟ್ಟದ ಮುನ್ನೂರ ಹನ್ನೊಂದು ಗಲ್ಲಿ,
ಬೋರ್ಡಿಲ್ಲದವು, ಬೋರ್ಡಿದ್ದರೂ ಆ ಹೆಸರಿಗೆ ಓಗೊಡದವು,
ಎಲ್ಲ ಅಂಗೈಯಗಲದ ಗಾಜಿನಲ್ಲಿ.

ಒಂದು ಹಾಳೆ ಬಾಕಿ.
ಲೈಸೆನ್ಸು ಎಂಬ ಕಡತ ಖಾಲಿ.
ಕರ್ಸರು ಮಿಣುಕುತ್ತದೆ,
ಬಾಡಿಗೆ ಕೇಳಲು ಬಂದು ಬಾಯಿಬಿಡದೆ ನಿಂತವನ ಹಾಗೆ.

ಅಮೀರ್‌ಜಾನ್ ಬಂದರು, ಟೀ ಫ್ಲಾಸ್ಕು ಹಿಡಿದು.
"ಲೈಸೆನ್ಸಾ? ನನ್ನ ಹತ್ರ ಇದೆಯಲ್ಲ, ರೀಲರ್ ಲೈಸೆನ್ಸು,
ಪ್ಲಾಸ್ಟಿಕ್ ಕವರಿನಲ್ಲಿ, ಅಬ್ಬಾನ ಫೋಟೋ ಹಿಂದೆ.
ಅದಿಲ್ದೆ ಹರಾಜಿನ ಹತ್ರಾನೂ ಬಿಡಲ್ಲ.
ನಿಮ್ಮದೂ ವರ್ಷಾ ವರ್ಷಾ ರಿನ್ಯೂ ಮಾಡಿಸಬೇಕಾ?"
ಇಲ್ಲ ಸಾಬ್ರೇ. ಅದು ನಿಮ್ಮನ್ನು ಒಳಗೆ ಬಿಡುವ ಚೀಟಿ.
ಇದು ಹೊರಗೆ ಹೋಗುವುದಕ್ಕೆ ನಾವು ಹೇಳಿ ಕಳಿಸುವ ಮಾತು.

ಬಿಟ್ಟ ಮೇಲೆ ಬರೆದರಾಗದೇ, ಎಂದೆ.
ಕಿಟಕಿಯಾಚೆ ತಮ್ಮ ಬಿಸಿನೀರ ಬಾನಿ ತೋರಿಸಿದರು:
"ಎಂಟು ಗೂಡಿನ ಎಳೆ ಸೇರಿ ಒಂದು ನೂಲು.
ರಾಟೆಗೆ ಏರೋ ತನಕ ಕೇಳು, ಹೇಳ್ತೀನಿ,
ಇದು ಮೇಲೂರಿಂದು, ಇದು ವಿಜಯಪುರದ್ದು ಅಂತ.
ಸುತ್ತಿದ ಮೇಲೆ ಕೇಳಿದ್ರೆ
ಅಲ್ಲಾನೇ ಬಿಡಿಸಬೇಕು."

ನಮ್ಮದರಲ್ಲೂ ಎಳೆ ಬಹಳ.
ಸಿಲಿಂಡರು ಹೊರುವ ಪಿಳ್ಳವೆಂಕಟಪ್ಪನ ಮೊಣಕಾಲು ಇದೆ ಇದರಲ್ಲಿ.
ಯಾವ ಗಲ್ಲಿ ಏರು, ಎಲ್ಲಿ ಚರಂಡಿಯ ಕಲ್ಲು ಅಲ್ಲಾಡುತ್ತದೆ,
ಎಲ್ಲ ಆ ಮೊಣಕಾಲು ಹೇಳಿದ್ದು.
ಖುರ್ಷಿದಾ ಬಿ ಕೊಟ್ಟದ್ದು ರಾತ್ರಿ ಬಲ್ಬು ಉರಿಯುವ ತಿರುವುಗಳು.
ಕೊಟ್ಟು, ನನ್ನ ಮನೆ ಮಾತ್ರ ಹಾಕಬೇಡ, ಎಂದಿದ್ದು.
ಹಾಕಿಲ್ಲ. ಅಲ್ಲೊಂದು ಬಿಳಿ ಚೌಕ, ಸುಣ್ಣ ಬಳಿದ ಹಾಗೆ.

ತಬಸ್ಸುಮ್ ಓದುತ್ತಾಳೆ, ಪಾಲಿಟೆಕ್ನಿಕ್ಕಿನ ಹುಡುಗಿ,
ಕೋಡೆಲ್ಲ ಅವಳದೇ:
ಯಾರೂ ಮುಟ್ಟಬಾರದು ಅನ್ನುವುದೊಂದು.
ಯಾರಾದರೂ ಒಯ್ಯಲಿ, ಏನಾದರೂ ಮಾಡಿಕೊಳ್ಳಲಿ ಅನ್ನುವುದೊಂದು.
ಒಯ್ಯಿ, ತಿದ್ದು, ತಿದ್ದಿದ್ದನ್ನು ಬಚ್ಚಿಡಬೇಡ,
ನಿನಗೆ ಸಿಕ್ಕ ಹಾಗೇ ಬಾಗಿಲು ತೆರೆದಿಟ್ಟು ಹೋಗು ಅನ್ನುವುದೊಂದು.
"ಇದು ಸರಿ" ಎಂದರು ಅಮೀರ್‌ಜಾನ್.
"ಡೇಗು ತಗೊಂಡು ಹೋದೋರು ತೊಳೆದು ಕೊಡಬೇಕು,
ಮುಂದಿನ ಮದುವೆಗೆ."

ಆಮೇಲೆ ಬಂತು ಒಂದು ಸಾಲು:
ಇದೆಲ್ಲ ನಾವೇ ನಡೆದು ಬರೆದದ್ದು,
ಬೇರೆಯವರ ನಕ್ಷೆಯಿಂದ ಎತ್ತಿದ್ದಲ್ಲ.
ತಬಸ್ಸುಮ್ ಅಲ್ಲಿ ನಿಂತಳು.
"ಒಂದು ಎತ್ತಿದ್ದೀನಿ" ಎಂದಳು, ಕೀಬೋರ್ಡಿಗೆ.
"ಜುಟ್ಟಿನ ಗೋದಾಮಿನ ಹಿಂದಿಂದು. ಆವತ್ತು ಜ್ವರ.
ದೊಡ್ಡ ಕಂಪನಿ ನಕ್ಷೆ ತೆಗೆದು ಅದರ ಮೇಲೇ ಗೆರೆ ಎಳೆದೆ."

ಮುನ್ನೂರ ಹನ್ನೊಂದರಲ್ಲಿ ಒಂದು.
ಯಾರಿಗೆ ಗೊತ್ತಾಗುತ್ತೆ, ಅಂದ ನನ್ನೊಳಗಿನ ಗಿರಾಕಿ.
ಅವನಿಗೆ ಯಾರೂ ಟೀ ಕೊಡಲಿಲ್ಲ.

ಹನ್ನೊಂದೂವರೆಗೆ ಹೊರಟೆವು, ಮೂವರೂ,
ಬೆಂದ ಹುಳುವಿನ ವಾಸನೆಯಲ್ಲಿ,
ಅಮೀರ್‌ಜಾನರ ಟಾರ್ಚು ಹಿಡಿದು.
ಗೋದಾಮು ಬಂತು. ಹಿಂದಕ್ಕೆ ತಿರುಗಿದೆವು.
ಫೋನಿನಲ್ಲಿ ಗೆರೆ ನೇರ ಹೋಗುತ್ತಿತ್ತು ಕೋಟೆಯ ಕಡೆಗೆ.
ಎದುರಿಗೆ ಗೋಡೆ.
ಹಳೇ ಗೋಡೆ, ಮೇಲೊಂದು ಮಲಗಿದ ಕೋಳಿ.
ಗಲ್ಲಿ ಇರಲಿಲ್ಲ. ಯಾವತ್ತೂ ಇರಲಿಲ್ಲ
ಎಂದಿತು ಪಕ್ಕದ ಕಿಟಕಿಯ ನಿದ್ದೆಗಣ್ಣು.
"ನಮ್ಮಜ್ಜ ಕಟ್ಟಿದ ಗೋಡೆ ಅದು.
ಏನು ಹುಡುಕ್ತಿದೀರಿ ಇಷ್ಟೊತ್ತಲ್ಲಿ?"

ಏನೆಂದು ಹೇಳುವುದು.
ತಬಸ್ಸುಮ್ ಅಲ್ಲೇ ನಿಂತು ಗೆರೆ ಅಳಿಸಿದಳು.
ಮುನ್ನೂರ ಹತ್ತು.
ಕೋಳಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು.

ಬೆಳಗಿನ ಜಾವಕ್ಕೆ ಹಾಳೆ ತುಂಬಿತು.
ಕೊನೆಗೆ ಆ ಮಾಮೂಲಿ ಮಾತು:
ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಖಾತರಿಯೂ ಇಲ್ಲ.
ದಾರಿ ಕೇಳಿದವರಿಗೆ ಪಿಳ್ಳವೆಂಕಟಪ್ಪ ಇನ್ನೇನು ಹೇಳುತ್ತಾನೆ,
ಹೋಗಿ ನೋಡಿ, ಇದ್ರೆ ಸಿಗತ್ತೆ.

ಅವನಿಗೇ ಫೋನು ಮಾಡಿದೆ.
ಹೆಸರು ಪೂರ್ತಿ ಹೇಗೆ ಬರೆಯಲಿ, ಇನಿಷಿಯಲ್ ಏನು?
"ಸಿಲಿಂಡರ್ ಪಿಳ್ಳಪ್ಪ ಅಂತಲೇ ಹಾಕಣ್ಣ,
ಇಲ್ದಿದ್ರೆ ನಮ್ಮನೇವ್ರಿಗೇ ಗೊತ್ತಾಗಲ್ಲ."
ಆ ಕಡೆ, ಯಾವುದೋ ಏರಿನಲ್ಲಿ,
ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು.